ನಮ್ಮನೆಯ ಅತಿಥಿಯ ಕಿರುಪರಿಚಯ

ನಮ್ಮ ಯಜಮಾನರಾದ ಗುರುಪ್ರಸಾದರಿಗೆ ಪ್ರಶ್ನೆ ಕೇಳಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಮೂಲ ಇದೇ. ಇಪ್ಪತ್ತೊಂಬತ್ತು ವರ್ಷ ಶಿವಮೊಗ್ಗದ ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡಿದ ಮನುಷ್ಯ. ಯಾರನ್ನು ಬೇಕಾದರೂ ನಿಂತಲ್ಲೇ ಪರಿಚಯಿಸುತ್ತಾರೆ. ಮಂತ್ರಿಯಿಂದ ಹಿಡಿದು ಅಡುಗೆ ಭಟ್ಟರವರೆಗೆ. ಆದರೆ ಎದುರಿಗಿದ್ದವರನ್ನು ಏನಾದರೂ ಕೇಳಿ, ಬಾಯಿ ಮುಚ್ಚಿಕೊಂಡು ಉತ್ತರಕ್ಕೆ ಕಾಯುವುದಿದೆಯಲ್ಲ, ಅದು ಇವರ ಜಾತಕದಲ್ಲೇ ಇಲ್ಲ. ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳು ಎರಡು: ಕನ್ನಡಕ ಎಲ್ಲಿ, ಊಟಕ್ಕೇನು. ಮೂರನೆಯದೊಂದು ಯಾವತ್ತಾದರೂ ಬಂದೀತೇ ಎಂದು ಕಾಯುವುದನ್ನು ಎಂದೋ ಬಿಟ್ಟಿದ್ದೇನೆ ಅಂದುಕೊಂಡಿದ್ದೆ. ಬಿಟ್ಟಿರಲಿಲ್ಲ.

ಇವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಶಾಲೆಯಿಂದ ನಿವೃತ್ತರಾದಾಗ ಒಂದು ಚೂರೂ ಬೇಸರಪಡಲಿಲ್ಲ. ಮಂಕಾದದ್ದು ಮೈಕು ಹೋದಾಗ. ಒಂದು ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿ ವರ್ಷ ಇವರದೇ ನಿರೂಪಣೆ. ಈ ಸಲ ಇವೆಂಟಿನವರು ಶ್ರೀಗೌರಿ ಅನ್ನುವ ಹುಡುಗಿಯನ್ನು ಕರೆಸಿದರು. ಆಕೆ ವೇದಿಕೆ ತುಂಬ ಓಡಾಡುತ್ತ "ಶಿವಮೊಗ್ಗಾ, ಹೇಗಿದ್ದೀರಾ?" ಎಂದಳಂತೆ, ಜನ ಹೋ ಎಂದು ಕೂಗಿದರಂತೆ. ಇವರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಶಾಲು ಹೊದಿಸಿ, ಮನೆಗೆ ಕಳಿಸಿದರು.

"ಸಾವಿರ ಜನನ್ನ ಒಟ್ಟಿಗೆ ಹೇಗಿದ್ದೀರಾ ಅಂತ ಕೇಳಿದ್ರೆ ಯಾರು ಉತ್ತರ ಕೊಡ್ಬೇಕು? ಇದೊಂದು ಪ್ರಶ್ನೆನಾ?" ಎಂದು ಮನೆಯಲ್ಲಿ ಕೂಗಾಡಿದರು.

"ಜನ ಕೊಟ್ರಲ್ಲ" ಅಂದೆ.

ಅದಕ್ಕೆ ಎರಡು ದಿನ ಮಾತು ಬಿಟ್ಟರು. ಮಾತು ಬಿಟ್ಟಿದ್ದೇ ವಾಸಿಯಿತ್ತು. ಮೂರನೆಯ ದಿನದಿಂದ ಮನೆಯಲ್ಲೇ ನಿರೂಪಣೆ ಶುರುವಾಯಿತು. "ಇದೀಗ ನಮ್ಮ ಮುಂದೆ ಹಬೆಯಾಡುತ್ತಿರುವ ಉಪ್ಪಿಟ್ಟು" ಎಂದು ತಟ್ಟೆಗೆ ಹೇಳುವುದು, ಹಾಲಿನವನು ಬಂದರೆ "ಬಹುದೂರದಿಂದ ಆಗಮಿಸಿರುವ" ಎನ್ನುವುದು. ನಗು ಬರುತ್ತಿತ್ತು, ಹಿಂದೆಯೇ ಪಾಪ ಅನ್ನಿಸುತ್ತಿತ್ತು. ಸಂಜೆ ಹೊತ್ತು ಗೇಟಿನ ಬಳಿ ನಿಂತು, ಯಾರಾದರೂ ಕರೆಯಲು ಬಂದಾರೇನೋ ಎಂದು ರಸ್ತೆ ನೋಡುತ್ತಿದ್ದರು. ಯಾರೂ ಬರುತ್ತಿರಲಿಲ್ಲ.

ಕೊನೆಗೆ ಬಂದವನು ಮೈಕ್‌ಸೆಟ್ ಜಯಕುಮಾರ್. ಭದ್ರಾವತಿಯವನು, ಮನೆಮಾತು ತಮಿಳು. ಅಂಗಡಿ ಶಿವಮೊಗ್ಗದಲ್ಲಿ, ಮನೆ ಅಲ್ಲಿ, ದಿನಾ ಓಡಾಟ. ಇವರು ನಿರೂಪಿಸಿದ ಸಭೆಗಳಲ್ಲಿ ಅರ್ಧಕ್ಕರ್ಧ ಸಭೆಗೆ ಮೈಕು ಕಟ್ಟಿದವನು ಅವನೇ.

"ಸಾರ್, ಈಗ ಎಲ್ರೂ ಪಾಡ್‌ಕಾಸ್ಟ್ ಮಾಡ್ತಾರೆ" ಅಂದ, ಕಾಫಿ ಕುಡಿಯುತ್ತ. "ಸ್ಟೇಜ್ ಬೇಡ, ಶಾಮಿಯಾನ ಬೇಡ, ಜನಾನೂ ಬೇಡ. ಇಬ್ರು ಕೂತು ಮಾತಾಡೋದು. ರೆಕಾರ್ಡ್ ಮಾಡಿ ಹಾಕಿದ್ರೆ ಆಯ್ತು, ಲೋಕ ಎಲ್ಲ ಕೇಳ್ತದೆ."

"ಜನಾನೇ ಇಲ್ದೆ ಯಾರನ್ನ ನೋಡ್ಕೊಂಡು ಮಾತಾಡೋದು ಮಾರಾಯ?"

"ಎದುರಿಗೆ ಕೂತಿರ್ತಾರಲ್ಲ ಸಾರ್, ಅವರನ್ನ. ನೀವು ಪ್ರಶ್ನೆ ಕೇಳ್ಬೇಕು, ಅವ್ರು ಹೇಳ್ಬೇಕು."

ನಾನು ಒಳಗಿನಿಂದ ಜೋರಾಗಿ ನಕ್ಕುಬಿಟ್ಟೆ. ಇವರು ಬಾಗಿಲ ಕಡೆ ಕೆಕ್ಕರಿಸಿ ನೋಡಿದರು. ಜಯಕುಮಾರ್ ಹೊಸದಾಗಿ ಎರಡು ಒಳ್ಳೆಯ ಮೈಕು ತರಿಸಿದ್ದ. ಮೂರು ಕಂತಿಗೆ ಪುಕ್ಕಟೆ ಕೊಡುತ್ತೇನೆ, ಜನ ಕೇಳಿದರೆ ಮುಂದುವರಿಸೋಣ, ಇಲ್ಲದಿದ್ದರೆ ದಾವಣಗೆರೆಯ ಪಾರ್ಟಿಯೊಂದು ಕೇಳುತ್ತಿದೆ, ಅವರಿಗೆ ಕೊಟ್ಟುಬಿಡುತ್ತೇನೆ ಎಂದ. ಇವರ ಮುಖ ಹೂವಾಯಿತು. ಆ ಮುಖ ನೋಡಿ ನಾನೂ ಗಟ್ಟಿ ಮನಸ್ಸು ಮಾಡಿದೆ: ಹೇಗಾದರೂ ಇದೊಂದು ದಡ ಮುಟ್ಟಲಿ, ಈ ಮನುಷ್ಯ ಗೇಟಿನ ಬಳಿ ನಿಲ್ಲುವುದು ತಪ್ಪಲಿ.

ಒಂದು ವಾರ ಯೋಜನೆ ನಡೆಯಿತು. ಪಾಡ್‌ಕಾಸ್ಟಿಗೆ 'ಆಲಿಸಿ ಆನಂದಿಸಿ' ಎಂದು ಹೆಸರಾಯಿತು. ನೂರು ಪುಟದ ನೋಟ್‌ಬುಕ್ಕಿನಲ್ಲಿ ಮೊದಲ ಕಂತಿಗೆ ಅರವತ್ತು ಪುಟ ಬರೆದರು. ಪ್ರಶ್ನೆ ಬರೆದಿರಬೇಕು ಎಂದು ನಾನು ಕದ್ದು ನೋಡಿದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ವಂದನಾರ್ಪಣೆ ಎಲ್ಲ ಇತ್ತು, ಪ್ರಶ್ನೆ ಒಂದೂ ಇರಲಿಲ್ಲ. ಮೇಲಿಂದ ಇನ್ನೂರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿಕೊಂಡು ಬಂದರು. ಮೂರೂ ಕಂತಿನ ಅತಿಥಿಗಳ ಹೆಸರು ಒಂದರ ಕೆಳಗೊಂದು ಅದರಲ್ಲಿತ್ತು. ಕೆಳಗೆ "ತಮಗೆ ಆದರದ ಸ್ವಾಗತ".

ಜಯಕುಮಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಸಾರ್, ಪಾಡ್‌ಕಾಸ್ಟಿಗೆ ಕಾರ್ಡಾ?"

"ಕರೀದೇ ಯಾರು ಬರ್ತಾರೆ?"

"ಯಾರೂ ಬರೋ ಹಾಗಿಲ್ಲ ಸಾರ್! ಬಂದ್ರೆ ಸೌಂಡ್ ಆಗ್ತದೆ."

"ಬರ್ಲಿ ಬಿಡ್ಲಿ, ಕರೆಯೋದು ನಮ್ಮ ಧರ್ಮ" ಅಂದರು ಇವರು. ಜಯಕುಮಾರ್ ನನ್ನ ಮುಖ ನೋಡಿದ. ನಾನು ಹಣೆ ಚಚ್ಚಿಕೊಳ್ಳುವಂತೆ ಮಾಡಿ ತೋರಿಸಿದೆ.

ಮೊದಲ ಕಂತು ನಮ್ಮ ಮನೆಯ ಹಾಲಿನಲ್ಲೇ. ಜಯಕುಮಾರ್ ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿದ, ಫ್ಯಾನ್ ನಿಲ್ಲಿಸಿದ, ನನ್ನ ಕುಕ್ಕರಿಗೆ ನಿಷೇಧ ಹಾಕಿದ. ಅತಿಥಿ ಅಡಿಕೆ ವ್ಯಾಪಾರದ ಶಿವಯೋಗಿಯವರು. ಸಂಭಾವಿತರು. ನಮ್ಮ ಕಾರ್ಡು ನೋಡಿ ನಿಜವಾಗಿಯೂ ಸಮಾರಂಭ ಎಂದು ನಂಬಿ, ಹನ್ನೊಂದು ಜನರನ್ನು ಕರೆದುಕೊಂಡು ಬಂದಿದ್ದರು. ಅಷ್ಟೂ ಜನ ಗಾಳಿಯಿಲ್ಲದ ಹಾಲಿನಲ್ಲಿ ಚಾಪೆಯ ಮೇಲೆ ಬೆವರುತ್ತ ಕೂತರು.

ಇವರು ಶುರು ಮಾಡಿದರು ನೋಡಿ. ತುಂಗೆಯಿಂದ ಹಿಡಿದು ಅಡಿಕೆಯ ಇತಿಹಾಸದವರೆಗೆ ಬಂದು, ಶಿವಯೋಗಿಯವರ ಅಜ್ಜ, ಅಪ್ಪ, ಓದಿದ ಶಾಲೆ, ಕಟ್ಟಿಸಿದ ಬಸ್ ನಿಲ್ದಾಣ, ಕೊಡಿಸಿದ ಬೆಂಚು, ಯಾವುದನ್ನೂ ಬಿಡಲಿಲ್ಲ. ಕಾರಣವಿಷ್ಟೇ. ಇವರ ಕಸುಬಿನಲ್ಲಿ ಅತಿಥಿಯಿಂದ ಮೊದಲೇ ಒಂದು ಕಿರುಪರಿಚಯ ಬರೆಸಿಕೊಳ್ಳುವುದು ಪದ್ಧತಿ. ಅತಿಥಿ ಕಿರಿದಾಗಿ ಬರೆದರೆ ಇವರು ಹಿಗ್ಗಿಸಬೇಕು. ಶಿವಯೋಗಿಯವರು ಪಾಪ ನಾಲ್ಕು ಪುಟ ಬರೆದುಕೊಟ್ಟಿದ್ದರು. ಇಪ್ಪತ್ತೆರಡು ನಿಮಿಷ ಪರಿಚಯವೇ ಆಯಿತು. ಆಮೇಲೆ ದೀಪ ಬೆಳಗಿದರು. ಕೇಳುವವರಿಗೆ ಕಾಣುವುದಿಲ್ಲ ಎಂದು ಇವರಿಗೆ ಆಗ ಹೊಳೆದು, "ಈಗ ಮೊದಲ ಬತ್ತಿ ಹೊತ್ತಿಕೊಂಡಿದೆ... ಈಗ ಎರಡನೆಯದು" ಎಂದು ಐದೂ ಬತ್ತಿಯ ವರದಿ ಕೊಟ್ಟರು. ಶಾಲು ಹೊದಿಸಿದ್ದನ್ನೂ ಹೇಳಿ, ಚಪ್ಪಾಳೆ ಎಂದರು. ಹನ್ನೊಂದು ಜನ ತಟ್ಟಿದರು.

ಕಡೆಗೂ ಪ್ರಶ್ನೆಯ ಘಳಿಗೆ ಬಂತು. ನಾನು ಅಡುಗೆಮನೆಯ ಬಾಗಿಲಿಗೆ ಕಿವಿ ಹಚ್ಚಿದೆ.

"ಮಾನ್ಯರೇ, ಅಡಿಕೆ ವ್ಯಾಪಾರಿಯ ಬದುಕು ಇಂದು ಹತ್ತು ಹಲವು ಸವಾಲುಗಳ ನಡುವೆ ಸಾಗುತ್ತಿದ್ದರೂ, ತಾವು ಧೃತಿಗೆಡದೆ, ಮೌಲ್ಯಗಳನ್ನು ಬಿಡದೆ, ಯಶಸ್ಸನ್ನು ಸಾಧಿಸಿದ್ದು ಪರಿಶ್ರಮದಿಂದ ಎಂಬುದು ಎಲ್ಲರಿಗೂ ತಿಳಿದ ಸಂಗತಿ, ಅಲ್ಲವೇ?"

"ಹೌದು" ಅಂದರು ಶಿವಯೋಗಿ. ಮತ್ತೆ ಇನ್ನೇನು ಹೇಳಬೇಕು ಅವರು?

ಕಂತು ಹಾಕಿದ ವಾರದಲ್ಲಿ ನಲವತ್ತೊಂದು ಜನ ಕೇಳಿದರು. ಅವರಲ್ಲಿ ಹನ್ನೊಂದು ಜನ ಯಾರೆಂದು ನಮಗೆ ಗೊತ್ತಿತ್ತು. ಕೆಳಗೆ ಸತೀಶ್ ಎಂಬವರು ಯಾರೋ ಬರೆದಿದ್ದರು: "ಅರ್ಧ ಗಂಟೆ ಆಯ್ತು, ಅತಿಥಿ ಇನ್ನೂ ಬಂದಿಲ್ವಾ?" ಇವರು ಅದನ್ನು ಓದಿ, "ಕೇಳುಗರಲ್ಲಿ ಕುತೂಹಲ ಇದೆ" ಅಂದರು. ಜಯಕುಮಾರ್, ದಾವಣಗೆರೆಯವರು ಫೋನ್ ಮಾಡಿದ್ದರು ಎಂದಷ್ಟೇ ಹೇಳಿದ.

ಎರಡನೆಯ ಕಂತು ಭದ್ರಾವತಿಯಲ್ಲಿ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಕ್ರೇನ್ ಓಡಿಸಿದ ಬೀರಪ್ಪ ಅತಿಥಿ. ಜಯಕುಮಾರನ ಓಮ್ನಿಯಲ್ಲಿ ಹೊರಟಾಗ ನಾನೂ ಬರ್ತೀನಿ ಅಂದೆ. ಭದ್ರಾವತಿ ನನ್ನ ತವರು. ನಮ್ಮಪ್ಪ ಅದೇ ಕಾರ್ಖಾನೆಯ ಕಚೇರಿಯಲ್ಲಿದ್ದವರು, ನಾನೂ ಅಲ್ಲಿ ಏಳು ವರ್ಷ ಕೆಲಸ ಮಾಡಿದವಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ದೊಡ್ಡ ಬೋರ್ಡಿನ ಮುಂದೆ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಯಾರಿಗೆ ಯಾರು ಬೇಕೋ ಅವರಿಗೆ ತಂತಿ ಚುಚ್ಚಿ ಕೊಡುವುದು. ಮದುವೆಯಾದ ಮೇಲೆ ಬಿಟ್ಟೆ. ಅದರ ಮಾತು ನಮ್ಮ ಮನೆಯಲ್ಲಿ ಬರುವುದೇ ಇಲ್ಲ.

ಬೀರಪ್ಪನವರ ಮನೆ ಜನ್ನಾಪುರದಲ್ಲಿ. ಇವರು ಹೋದವರೇ ಕಿರುಪರಿಚಯ ಕೇಳಿದರು. "ಅಂಗಂದ್ರೇನ್ರೀ?" ಅಂದರು ಬೀರಪ್ಪ. ಸರಿ, ಇವರೇ ಕೂತು ಬರೆದರು. ಅವರು ಹೇಳಿದ್ದು ಇಷ್ಟೇ: ಕ್ರೇನ್ ಓಡಿಸ್ತಿದ್ದೆ, ಈಗ ಇಲ್ಲ. ಇವರ ಕೈಯಲ್ಲಿ ಅದು "ಗಗನದೆತ್ತರದಲ್ಲಿ ಕುಳಿತು ಕಾಯಕವನ್ನೇ ಕೈಲಾಸವಾಗಿಸಿಕೊಂಡ" ಎಂದು ಹದಿನಾಲ್ಕು ನಿಮಿಷವಾಯಿತು. ಬೀರಪ್ಪ ಯಾರ ಕಥೆಯೋ ಎಂಬಂತೆ ಕೇಳುತ್ತ ಕೂತಿದ್ದರು. ಕೊನೆಗೆ, "ಎಲ್ಲಾ ನೀವೇ ಹೇಳಿದ್ರಲ್ಲ ಸಾಮಿ, ನಾನೇನು ಹೇಳ್ಲಿ? ಎಮ್ಮೆಗೆ ಹುಲ್ಲು ಹಾಕಿ ಬತ್ತೀನಿ" ಎಂದು ಎದ್ದೇಬಿಟ್ಟರು.

ಇವರು ನೋಟ್‌ಬುಕ್ಕಿನ ಹಾಳೆ ತಿರುವತೊಡಗಿದರು. ಜಯಕುಮಾರ್ ತಲೆ ಮೇಲೆ ಕೈ ಹೊತ್ತ. ನನ್ನ ಬಾಯಿಂದ ತಾನಾಗಿ ಬಂತು: "ಸ್ವಲ್ಪ ಲೈನಲ್ಲಿರಿ."

ಬೀರಪ್ಪ ನಿಂತಲ್ಲೇ ನಿಂತರು. ತಿರುಗಿ ನನ್ನನ್ನು ನೋಡಿದರು. "ಅಕ್ಕಾ, ನೀವು ಎಕ್ಸ್‌ಚೇಂಜಲ್ಲಿದ್ರಾ?"

"ಇದ್ದೆ."

"ಅಯ್ಯೋ ಶಿವನೇ! ನನ್ನ ಮಗಳು ಹುಟ್ಟಿದ ಸುದ್ದಿ ಕೊಟ್ಟೋರು ನೀವು! ಆಸ್ಪತ್ರೆಯಿಂದ ಫೋನ್ ಬಂದಿತ್ತು. ಬೀರಪ್ಪ ಕ್ರೇನ್ ಮೇಲವ್ನೆ, ಕೂಗಿ ಹೇಳ್ತೀವಿ ಅಂದ್ರಂತೆ ನಮ್ಮೋರು. ಮೊದ್ಲು ಕೆಳಗಿಳಿಸಿ, ಆಮೇಲೆ ಹೇಳಿ, ಮೇಲೆ ಕುಣಿದು ಬಿದ್ದುಗಿದ್ದಾರು ಅಂದಿದ್ರಂತೆ ನೀವು." ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿದ್ದರು. "ನಿಮ್ಮ ಹೆಸರು ಯಾರಿಗೂ ಗೊತ್ತಿರ್ಲಿಲ್ಲ. ಫೋನ್ ಎತ್ತಿದ್ರೆ ಕೇಳ್ತಿದ್ದ ಈ ಧ್ವನಿ ಅಷ್ಟೇ."

"ಆಮೇಲೆ ಏನಾಯ್ತು? ಇಳಿದ್ರಾ ನೀವು?" ಎಂದು ಕೇಳಿದೆ. ಅಷ್ಟೇ ಕೇಳಿದ್ದು. ಬೀರಪ್ಪ ಕೂತರು. ಕೂತು ಮಾತಾಡಿದರು. ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದದ್ದು, ಕರಿ ಮುಖ ತೊಳೆಯದೇ ಸೈಕಲ್ಲಿನಲ್ಲಿ ಆಸ್ಪತ್ರೆಗೆ ಓಡಿದ್ದು, ನರ್ಸು ಒಳಗೆ ಬಿಡದಿದ್ದು, ಕೊನೆಯ ಪಾಳಿಯ ದಿನ ಕ್ರೇನಿನ ಹಿಡಿಕೆಯನ್ನು ಒರೆಸಿ ಒರೆಸಿ ಇಳಿದು ಬಂದದ್ದು. ಜಯಕುಮಾರ್ ಸದ್ದಿಲ್ಲದೆ ಒಂದು ಮೈಕನ್ನು ನನ್ನ ಕಡೆ ತಿರುಗಿಸಿದ. ಕಾಲು ಗಂಟೆ ಹೋದದ್ದು ಗೊತ್ತಾಗಲಿಲ್ಲ. ಏಳು ವರ್ಷ ನಾನು ಮಾಡಿದ್ದು ಇದನ್ನೇ ಅಲ್ಲವೇ: ಯಾರು ಬೇಕು ಎಂದು ಕೇಳಿ, ಸಿಗುವ ತನಕ ಸುಮ್ಮನೆ ಕಾಯುವುದು.

"ಸತ್ಯಾ" ಅಂದರು ಇವರು, ಹಲ್ಲು ಕಚ್ಚಿ. "ಮಧ್ಯೆ ಬಾಯಿ ಹಾಕ್ಬೇಡ. ಇದು ರೆಕಾರ್ಡಿಂಗ್."

ಅಲ್ಲಿಗೆ ಮಾತು ನಿಂತಿತು. ಬೀರಪ್ಪ ಎಮ್ಮೆಯ ಕಡೆ ಹೋದರು.

ವಾಪಸ್ಸು ಬರುವಾಗ ಓಮ್ನಿ ಮಲವಗೊಪ್ಪ ದಾಟಿತು. ಆಮೇಲೆ ಜಯಕುಮಾರನೇ, "ಸಾರ್, ತಪ್ಪು ತಿಳ್ಕೋಬೇಡಿ. ಅಕ್ಕ ಕೇಳಿದ್ದು, ಅವ್ರು ಹೇಳಿದ್ದು, ಅದೇ ಪಾಡ್‌ಕಾಸ್ಟ್" ಅಂದ.

"ಅದು ವಿಷಯಾಂತರ. ತೆಗೆದುಬಿಡು" ಅಂದರು ಇವರು. ತೆಗೆದ. ಉಳಿದ ಹದಿನಾಲ್ಕು ನಿಮಿಷವನ್ನು ಹತ್ತೊಂಬತ್ತು ಜನ ಕೇಳಿದರು. ನನಗೆ ಬಂದ ಸಿಟ್ಟು ಎಷ್ಟೆಂದರೆ, ಆ ವಾರ ಉಪ್ಪಿಟ್ಟಿಗೆ ಉಪ್ಪೇ ಹಾಕಲಿಲ್ಲ. ಇವರು ಅದನ್ನೂ ತಿಂದರು, ಯಾಕೆ ಎಂದು ಕೇಳಲಿಲ್ಲ.

ಮೂರನೆಯದೇ ಕೊನೆಯ ಅವಕಾಶ. ಅತಿಥಿ ರಾಗಿಗುಡ್ಡದ ಜಂಬಣ್ಣನವರು, ನಿವೃತ್ತ ಅಧಿಕಾರಿ. ಬೆಳಗ್ಗೆ ಹತ್ತಕ್ಕೆ ಬರಬೇಕು. ಕಂಬಳಿ ಕಟ್ಟಿ, ಮೈಕು ಇಟ್ಟು, ಹಣ್ಣಿನ ಬುಟ್ಟಿ ಸಿದ್ಧವಾಗಿ ಹತ್ತೂವರೆಯಾಯಿತು. ಫೋನ್ ಮಾಡಿದರೆ ಗಾಜನೂರಿನಲ್ಲಿದ್ದೇನೆ, ನೆಂಟರ ಮನೆಯಲ್ಲಿ ಕಾರ್ಯ ಇದೆ ಅಂದರು. ಇವರು ಬೇಡಿಕೊಂಡಾಗ ನಿಜ ಸಂಗತಿ ಹೊರಬಿತ್ತು.

"ಅಲ್ರೀ ಮೇಷ್ಟ್ರೇ, ಕಾರ್ಡಲ್ಲಿ ನನ್ನ ಹೆಸರು ಎಲ್ಲಿ ಹಾಕಿದ್ದೀರಿ? ಕ್ರೇನ್ ಓಡಿಸೋರ ಕೆಳಗೆ! ಮೂವತ್ತು ವರ್ಷ ಸರ್ವಿಸ್ ಮಾಡಿದೀನಿ ನಾನು!"

"ಅದು ಕಂತಿನ ಕ್ರಮ ಸಾರ್..."

"ಕ್ರಮ ಅಂದ್ರೆ ಏನು ಅಂತ ನಿಮಗೆ ನಾನು ಹೇಳ್ಕೊಡ್ಬೇಕಾ?" ಫೋನ್ ಕಟ್ಟಾಯಿತು.

ಇವರು ಕುಸಿದು ಕೂತರು. ನಿಜವಾಗಿಯೂ ಮುದುಕರಾಗಿ ಕಂಡರು. ಜಯಕುಮಾರ್ ಮೈಕಿನ ವೈರು ಸುತ್ತಲು ಕೈ ಹಾಕಿದವನು, ಅರ್ಧಕ್ಕೆ ನಿಲ್ಲಿಸಿ, "ಸಾರ್, ಅಕ್ಕನ್ನೇ ಕೂರಿಸಿ" ಅಂದ.

"ಇವಳನ್ನಾ? ಇವಳ ಹತ್ರ ಏನು ಕೇಳೋದು?"

ಆ ಮಾತು ಎದೆಗೆ ನಾಟಿತು. ಆದರೂ ಕೈ ಒರೆಸಿಕೊಂಡು ಬಂದು ಕುರ್ಚಿಯಲ್ಲಿ ಕೂತೆ. ಮೈಕು ಹೋದರೆ ಈ ಮನುಷ್ಯ ಮತ್ತೆ ಗೇಟಿಗೆ ಹೋಗಿ ನಿಲ್ಲುತ್ತಾರೆ ಎಂಬ ಸಂಕಟ ಒಂದು ಕಡೆ. ಕೇಳಲಿ ನೋಡೋಣ, ಇವತ್ತಾದರೂ ಕೇಳಲಿ ಎಂಬ ಹಟ ಇನ್ನೊಂದು ಕಡೆ. ಇವರು ಕನ್ನಡಕ ಸರಿಮಾಡಿಕೊಂಡರು. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ನನ್ನ ಮುಂದೆ ಇಟ್ಟರು.

"ನಿಂದೊಂದು ಕಿರುಪರಿಚಯ ಬರ್ಕೊಡು. ಹತ್ತು ಸಾಲು ಸಾಕು."

ಜಯಕುಮಾರ್ ಕೆಮ್ಮಿದ. ನಾನು ಹಾಳೆಯನ್ನು ನೋಡಿದೆ, ಇವರನ್ನು ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಪದ್ಧತಿ ಅಂದರೆ ಪದ್ಧತಿ.

"ರೀ, ಮೂವತ್ತೊಂದು ವರ್ಷ ಆಯ್ತು. ನೀವೇ ಹೇಳಿ" ಎಂದು ಹಾಳೆಯನ್ನು ಹಾಗೇ ಅತ್ತ ತಳ್ಳಿದೆ.

ಜಯಕುಮಾರ್ ಕೈ ಎತ್ತಿ ಸನ್ನೆ ಮಾಡಿದ. ಇವರು ಗಂಟಲು ಸರಿಮಾಡಿಕೊಂಡರು. "ಇಂದಿನ ನಮ್ಮ ಅತಿಥಿ ಶ್ರೀಮತಿ ಸತ್ಯಭಾಮಾ ಗುರುಪ್ರಸಾದ್. ಉಕ್ಕಿನ ನಗರಿ ಭದ್ರಾವತಿಯಲ್ಲಿ ಜನನ. ಆದರ್ಶ ಗೃಹಿಣಿ. ಪಾಕಪ್ರವೀಣೆ. ಏಕೈಕ ಪುತ್ರಿ ಅಮೂಲ್ಯಾಳ ಮಮತೆಯ ಮಾತೆ..." ಅಲ್ಲಿಗೆ ಸರಕು ಮುಗಿಯಿತು. ಅಡಿಕೆ ವ್ಯಾಪಾರಿಗೆ ಇಪ್ಪತ್ತೆರಡು ನಿಮಿಷ ಕೊಟ್ಟ ಬಾಯಿ ಅರ್ಧ ನಿಮಿಷದಲ್ಲಿ ತಡವರಿಸಿತು. ಕಣ್ಣು ಹಾಳೆಯ ಮೇಲೆ ಹೋಯಿತು, ಹಾಳೆ ಖಾಲಿ. "ಕೆಲಕಾಲ ಕಾರ್ಖಾನೆಯಲ್ಲಿ ಸೇವೆ ಸಲ್ಲಿಸಿ, ವಿವಾಹಾನಂತರ ಸ್ವಂತ ಇಚ್ಛೆಯಿಂದ ಉದ್ಯೋಗವನ್ನು ತೊರೆದು, ಸಂಸಾರಕ್ಕೆ ತಮ್ಮನ್ನು ಸಮರ್ಪಿಸಿಕೊಂಡ..."

"ಯಾರ ಇಚ್ಛೆ?" ಅಂದೆ.

ಇವರು ವಾಕ್ಯವನ್ನು ಅರ್ಧಕ್ಕೆ ಬಿಟ್ಟು ನನ್ನನ್ನು ನೋಡಿದರು.

"ಕೆಲಕಾಲ ಅಲ್ಲ, ಏಳು ವರ್ಷ. ಅದಿರ್ಲಿ. ಸ್ವಂತ ಇಚ್ಛೆ ಅಂದ್ರಲ್ಲ, ಯಾರ ಸ್ವಂತ?"

"ನಿಂದೇ. ರಾಜೀನಾಮೆ ಪತ್ರದಲ್ಲಿ ಹಾಗೇ ಇತ್ತಲ್ಲ."

"ಪತ್ರ ಬರೆದೋರು ಯಾರು?"

ನಾನೇ ಹೇಳಿದೆ. ಮೈಕಿಗೆ ಹೇಳಿದೆನೋ ಇವರಿಗೆ ಹೇಳಿದೆನೋ ಗೊತ್ತಿಲ್ಲ. ಮದುವೆಯಾದ ಹೊಸತು. ಇಲ್ಲಿಂದ ಭದ್ರಾವತಿಗೆ ಹದಿನೆಂಟು ಕಿಲೋಮೀಟರ್. ಓಡಾಟ ಕಷ್ಟ ಆಗುತ್ತದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ನನಗೆ ಕಷ್ಟವೇ ಎಂದು ಯಾರೂ ಕೇಳಲಿಲ್ಲ. ಒಂದು ಭಾನುವಾರ ಇವರು ಕೂತು, ತಮ್ಮ ಮುತ್ತಿನಂಥ ಅಕ್ಷರದಲ್ಲಿ ನನ್ನ ರಾಜೀನಾಮೆ ಬರೆದರು. ಬರೆದದ್ದನ್ನು ನಡುಮನೆಯಲ್ಲಿ ನಿಂತು ಓದಿದರು. "ಕಾರ್ಖಾನೆಯ ಮಾತೃಮಡಿಲಿನಿಂದ ಗೃಹಸ್ಥಾಶ್ರಮದ ಹೊಸ್ತಿಲಿಗೆ ಸ್ವಂತ ಇಚ್ಛೆಯಿಂದ ಹೆಜ್ಜೆಯಿಡುತ್ತಿರುವ ನಾನು..." ಪೂರ್ತಿ ಎರಡು ಪುಟ, ಇವತ್ತಿಗೂ ನನಗೆ ಬಾಯಿಪಾಠ. ಅತ್ತೆ ಕಣ್ಣೊರೆಸಿಕೊಂಡರು. ಮಾವ, ಸಂಸ್ಕೃತ ವಿದ್ವಾಂಸರು, "ಭೇಷ್, ಎಂಥಾ ವಾಕ್ಯ!" ಅಂದರು. ನಮ್ಮದು ಅಂಥ ಮನೆ. ವಾಕ್ಯ ಚೆನ್ನಾಗಿದ್ದರೆ ಸಾಕು, ಅದರೊಳಗೆ ಯಾರು ಸಿಕ್ಕಿಬಿದ್ದಿದ್ದಾರೆ ಎಂದು ಯಾರೂ ನೋಡುವುದಿಲ್ಲ.

"ನಾಚಿಕೆ ಆಗ್ತದೆ ಹೇಳೋಕೆ. ನಾನೂ ಚೆನ್ನಾಗಿದೆ ಅಂದೆ" ಎಂದೆ. "ನಂಗೂ ಖುಷಿ ಆಗಿತ್ತು, ಗಂಡ ನನ್ನ ಹೆಸರಲ್ಲಿ ಇಷ್ಟು ಚೆಂದ ಬರೆದ್ರಲ್ಲ ಅಂತ. ಸಹಿ ಹಾಕಿದೆ. ನಮ್ಮ ಸಾಹೇಬ್ರು ಓದಿ, ಏನಮ್ಮಾ ಇದು ಭಾಷೆ ಅಂತ ನಾಲ್ಕು ಜನಕ್ಕೆ ತೋರ್ಸಿದ್ರು. ಯಾಕಮ್ಮಾ ಬಿಡ್ತೀಯ ಅಂತ ಅವ್ರೂ ಕೇಳ್ಲಿಲ್ಲ. ಅಷ್ಟು ಚೆನ್ನಾಗಿ ಬರೆದ್ಮೇಲೆ ಇನ್ನೇನು ಕೇಳೋದು ಅಂತಿರ್ಬೇಕು."

"ನೀನು ಬೇಡ ಅನ್ನಬಹುದಿತ್ತಲ್ಲ" ಅಂದರು ಇವರು. ಧ್ವನಿ ಸಣ್ಣದಾಗಿತ್ತು.

"ಅನ್ನಬಹುದಿತ್ತು. ಅನ್ನೋಕೆ ಸಂದು ಎಲ್ಲಿತ್ತು ಮಾರಾಯ್ರೆ? ಎರಡು ಪುಟದಲ್ಲಿ ಎಲ್ಲಾ ಹೇಳಿಬಿಟ್ಟಿದ್ರಿ. ಆ ಬೀರಪ್ಪ ಅಂದ್ರಲ್ಲ, ಎಲ್ಲಾ ನೀವೇ ಹೇಳಿದ್ರಿ, ನಾನೇನು ಹೇಳ್ಲಿ ಅಂತ. ನಂದೂ ಅದೇ ಕಥೆ. ಅವ್ರಿಗೆ ಎದ್ದು ಹೋಗೋಕೆ ಎಮ್ಮೆ ಆದ್ರೂ ಇತ್ತು."

ಜಯಕುಮಾರ್ ಕತ್ತರಿಯಂತೆ ಬೆರಳಾಡಿಸಿ, ನಿಲ್ಲಿಸಲೇ ಎಂದು ಇವರನ್ನು ಕೇಳಿದ. ಇವರು ನೋಡಲಿಲ್ಲ. ಇವರಿಗೆ ಸಭೆಯಲ್ಲಿ ಮೂರು ಸೆಕೆಂಡ್ ಮೌನವಾದರೂ ತಡೆಯುತ್ತಿರಲಿಲ್ಲ, ಯಾವುದಾದರೊಂದು ಸುಭಾಷಿತ ತಂದು ತುಂಬುತ್ತಿದ್ದರು. ಈಗ ಹೊರಗೆ ಹಳೇ ಪೇಪರಿನವನು ಕೂಗುತ್ತ ಒಂದು ಬೀದಿ ಪೂರ್ತಿ ದಾಟಿ ಹೋದ. ಕಂಬಳಿಯ ಹಿಂದಿನಿಂದ ಕೇಳುತ್ತಲೇ ಇತ್ತು. ಇವರು ಆ ಖಾಲಿ ಹಾಳೆಯನ್ನು ಎರಡಾಗಿ ಮಡಿಸಿದರು, ನಾಲ್ಕಾಗಿ ಮಡಿಸಿದರು. ಅದನ್ನು ಕಂಡು ಸಮಾಧಾನವೂ ಆಯಿತು, ಸಂಕಟವೂ ಆಯಿತು.

"ಆ ಪತ್ರದಲ್ಲಿ ಒಂದು ಮಾತೂ ನಿಂದಲ್ಲ" ಅಂದರು. "ಎಲ್ಲಾ ನಂದೇ."

ಮೈಕಿನಿಂದ ಮುಖ ಆಚೆ ತಿರುಗಿಸಲಿಲ್ಲ. ಊರಿಗೆಲ್ಲ ಪರಿಚಯವಿರುವ ಧ್ವನಿಯಲ್ಲೇ ಹೇಳಿದರು, ಆದರೆ ಒಂದು ವಿಶೇಷಣವೂ ಇರಲಿಲ್ಲ. ಇನ್ನು ಮಾತು ತಿರುಗಿಸುತ್ತಾರೆ, ವಂದನಾರ್ಪಣೆಗೆ ಇಳಿಯುತ್ತಾರೆ ಅಂದುಕೊಂಡೆ.

ಇವರು ತಲೆ ಎತ್ತಿದರು. "ಸತ್ಯಾ, ಅದನ್ನ ನೀನೇ ಬರೆದಿದ್ರೆ ಏನಂತ ಬರೀತಿದ್ದೆ?"

ಕೇಳಿ ಬಾಯಿ ಮುಚ್ಚಿದರು. ಕಾದರು.

ಎಷ್ಟು ವರ್ಷ ಕಾದಿದ್ದೆ ಇದಕ್ಕೆ! ಹೇಳಲು ನೂರಿತ್ತು. ಎರಡು ಪುಟ ಏನು, ಇನ್ನೂರು ಪುಟ ಬರೆಯುವಷ್ಟಿತ್ತು. ಆದರೆ ಉತ್ತರ ಬಾಯಿಗೆ ಬಂದಾಗ ಅದು ತೀರಾ ಚಿಕ್ಕದಿತ್ತು.

"ಬರೀತಾನೇ ಇರ್ಲಿಲ್ಲ ರೀ" ಅಂದೆ. "ಸೋಮವಾರ ಬೆಳಗ್ಗೆ ಏಳು ಗಂಟೆ ಬಸ್ ಹತ್ತಿ ಕೆಲಸಕ್ಕೆ ಹೋಗ್ತಿದ್ದೆ."